ಆಲಿಸುವ ಬಿಲ್ಲೆ

ಭಾನುವಾರ, ಜೂನ್ ೧೨

ಪ್ರೀತಿಯ ತಂಗಿಗೆ ಅಕ್ಕನ ನೆನಪುಗಳು.

ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ನೀನು ಕೇಳಿದ್ದು ಎರಡು: ನಾಲ್ಕನೆಯ ತಿಂಗಳ ಸ್ಕ್ಯಾನ್‌ನಲ್ಲಿ ಮಗು ಹೇಗಿದೆ, ಮತ್ತು ಕಾರ್ಖಾನೆಯಲ್ಲಿ ನಾನು ಮಾಡುವುದಾದರೂ ಏನು. ಸುಲಭದ್ದನ್ನು ಮೊದಲು ಹೇಳುತ್ತೇನೆ.

ನಮ್ಮದು ಅಂಗಿಗುಂಡಿಯಷ್ಟು ಅಗಲದ ಪಿಂಗಾಣಿ ಬಿಲ್ಲೆ. ಪೀಜೋ ಸೆರಾಮಿಕ್ ಎನ್ನುತ್ತಾರೆ. ಒತ್ತಿದರೆ ಕರೆಂಟು ಹುಟ್ಟುತ್ತದೆ, ಕರೆಂಟು ಕೊಟ್ಟರೆ ನಡುಗುತ್ತದೆ. ನಿನ್ನ ಗ್ಯಾಸ್ ಲೈಟರಿನ ಕಿಡಿ ಇಂಥದ್ದರದೇ. ಆದರೆ ಕುಲುಮೆಯಿಂದ ಬಂದಾಗ ಅದು ಬರೀ ಪಿಂಗಾಣಿ ಚೂರು. ಬಿಸಿ ಎಣ್ಣೆಯಲ್ಲಿ ಮುಳುಗಿಸಿ ಭಾರೀ ವೋಲ್ಟೇಜು ಕೊಟ್ಟ ಮೇಲೆಯೇ ಈ ಗುಣ ಬರುವುದು. ಆಮೇಲೆ ಅತಿಯಾಗಿ ಕಾಯಿಸಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ಯಾಕೆ ಎಂದು ಮೇಸ್ತ್ರಿಯನ್ನು ಕೇಳಿದೆ. "ನಿನ್ನ ಪ್ರಶ್ನೆಗೆಲ್ಲ ಉತ್ತರ ಹೇಳ್ತಾ ಕೂತ್ರೆ ಎಣ್ಣೆ ಆರಿಹೋಗುತ್ತಮ್ಮ" ಎಂದ.

ಸೀಸ ಬೆರೆತವುಗಳಲ್ಲಿ ಗಟ್ಟಿ, ಮೆತ್ತನೆ ಎಂದು ಎರಡು ಬಗೆ. ಮುಟ್ಟಿದರೆ ಎರಡೂ ಕಲ್ಲೇ, ಭೇದವೆಲ್ಲ ಸ್ವಭಾವದಲ್ಲಿ. ಗಟ್ಟಿಯದು ನಮ್ಮತ್ತೆಯ ಹಾಗೆ, ಎಷ್ಟು ದುಡಿಸಿದರೂ ಬಿಸಿಯಾಗುವುದಿಲ್ಲ. ಕನ್ನಡಕದಂಗಡಿಯಲ್ಲಿ ನೀರು ನಡುಗಿಸಿ ಕೊಳೆ ತೆಗೆಯುವ ತೊಟ್ಟಿಗೆ ಅದೇ ಬೇಕು. ಮೆತ್ತನೆಯದು ನಿನ್ನ ಹಾಗೆ, ಪಿಸುಮಾತಿಗೂ ಕಿವಿ ನೆಟ್ಟಗೆ. ಸ್ಕ್ಯಾನ್ ಯಂತ್ರದಲ್ಲಿ ಮೈಮೇಲೆ ಆಡಿಸುವ ಹಿಡಿ ಇರುತ್ತದಲ್ಲ, ಆ ಪ್ರೋಬಿನಲ್ಲಿ ಕೂತು ಒಳಗಿನ ಮರುದನಿ ಆಲಿಸುತ್ತದೆ. ಸೀಸವಿಲ್ಲದ ಬೇರಿಯಮ್ಮಿನದೂ ಒಂದಿದೆ, ಪಾಪ, ಸ್ವಲ್ಪ ಕಾವಿಗೇ ಸೋಲುತ್ತದೆ.

ಸೀಸದ ಪುಡಿಯ ಕೋಣೆಗೆ ನಾನು ಯಾವತ್ತೂ ಹೋದವಳಲ್ಲ, ಹೆದರಬೇಡ. ಪರೀಕ್ಷೆಯ ಮೇಜು ನನ್ನದು. ಬಿಲ್ಲೆಯನ್ನು ಒತ್ತಿ ಮೀಟರು ನೋಡುತ್ತೇನೆ. ಮುಳ್ಳು ಅಲುಗದಿದ್ದರೆ ಬಿಲ್ಲೆ ಕೆಟ್ಟಿದೆ, ಬುಟ್ಟಿಗೆ ಹಾಕಿ ಮುಂದಿನದನ್ನು ಎತ್ತಿಕೊಳ್ಳುವುದು. ಅಲ್ಲಿ ಬೇರೆ ಕಾರಣ ಹುಡುಕುವ ಅಭ್ಯಾಸವೇ ಇಲ್ಲ.

ನಿನ್ನ ಭಾವ ಚೆನ್ನಾಗಿದ್ದಾರೆ. ಈಗ ಅಡುಗೆಯೂ ಅವರದೇ, ರುಚಿ ಮಾತ್ರ ದೇವರಿಗೇ ಪ್ರೀತಿ. ನಿನ್ನ ಮಗಳ ಕೆನ್ನೆಗೆ ನನ್ನದೊಂದು ಮುತ್ತು. ನಿಮ್ಮ ಮನೆ ಸದಾ ಗಲಾಟೆಯಿಂದ ತುಂಬಿರಲಿ.

ಇತಿ ನಿನ್ನ
ಅಕ್ಕ

ತಾ.ಕ.: ಮೊದಲನೆಯ ಪ್ರಶ್ನೆಯನ್ನು ಮರೆತಿಲ್ಲ. ಡಾಕ್ಟರಮ್ಮ ಪ್ರೋಬನ್ನು ಹೊಟ್ಟೆಯ ಮೇಲೆ ಆಡಿಸಿ ಆಡಿಸಿ ಒಂದೇ ಕಡೆ ಒತ್ತಿ ಹಿಡಿದರು. ಪರದೆಯಲ್ಲಿ ಏನೂ ಮಿಡಿಯಲಿಲ್ಲ. "ಬಿಲ್ಲೆ ಕೆಟ್ಟಿರ್ಬೇಕು ಮೇಡಂ, ಬೇರೆದು ಹಾಕಿ ನೋಡಿ" ಎಂದೆ, ಮೇಜಿನ ಮುಂದೆ ಹೇಳುವ ಧಾಟಿಯಲ್ಲೇ. ಅವರು ವಾದಿಸಲಿಲ್ಲ. ಪಕ್ಕದ ಕೋಣೆಯಿಂದ ಬೇರೆ ಪ್ರೋಬು ತರಿಸಿದರು. ಎರಡೂ ಚೆನ್ನಾಗಿಯೇ ಇದ್ದವು ಕಣೇ. ನನ್ನ ನಾಡಿಯನ್ನಂತೂ ಸ್ಪಷ್ಟವಾಗಿ ಕೇಳಿಸಿದವು.

ರಜೆ ಸಿಕ್ಕರೆ ಒಮ್ಮೆ ಬಾ.