ತಡ್ಕೋಬೇಡ ಅಜ್ಜಿ

ನಂಜನಗೂಡು, ಗುರುವಾರ

ಮುದ್ದಮ್ಮಜ್ಜಿಗೆ,

ಫೋನಲ್ಲಿ ಹೇಳಿದ್ರೆ ನಕ್ಕು ಮಾತು ಹಾರಿಸಿಬಿಡ್ತೀಯ, ಅದಕ್ಕೇ ಬರೀತಿದ್ದೀನಿ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಬಿಡಿಎಸ್‌ಗೆ ಅರ್ಜಿ ಹಾಕೋ ಮುಂಚೆ ಕೆಲಸ ನೋಡ್ಲಿ ಅಂತ ಇಲ್ಲಿನ ಹಲ್ಲಿನ ಡಾಕ್ಟರು ನನ್ನನ್ನ ಪಕ್ಕದಲ್ಲೇ ನಿಲ್ಲಿಸ್ಕೋತಾರೆ. ನಿನ್ನೆ ಒಬ್ಬರು ಬಾಯಿ ತೆರೆದ್ರು. ಹೊಗೆಸೊಪ್ಪು ಇಟ್ಕೊಳ್ಳೋ ಕೆನ್ನೆ ಒಳಗೆ ಬಿಳಿ ಮಚ್ಚೆ, ಅದರ ಮಧ್ಯೆ ಹುಣ್ಣು. ಡಾಕ್ಟರು ಅವರನ್ನ ತಕ್ಷಣ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದ್ರು.

ಹಬ್ಬದಲ್ಲಿ ನೀನು ಅಲ್ಲಾಡೋ ಹಲ್ಲು ತೋರಿಸಿದಾಗ ನಿನ್ನ ಕೆನ್ನೆ ಒಳಗೂ ಅಂಥದ್ದೇ ಮಚ್ಚೆ ನೋಡಿದ್ದೆ. "ಬ್ಯಾರೆ ಡಾಕ್ಟ್ರು ಯಾಕವ್ವ, ನೀನೇ ಓದ್ಕಂಡು ಬಂದು ಕೀಳು, ಅಲ್ಲೀಗಂಟ ತಡ್ಕತೀನಿ" ಅಂದೆ ನೀನು. ನಾನೂ ಖುಷಿಯಾಗಿ ನಕ್ಕುಬಿಟ್ಟೆ.

ತಡ್ಕೋಬೇಡ. ಸೋಮವಾರ ಮೂಗೂರಿಂದ ಮೊದಲನೇ ಬಸ್ಸಿಗೆ ಬಾ, ನಾನು ಸ್ಟ್ಯಾಂಡಲ್ಲೇ ಇರ್ತೀನಿ. ಎಲೆಅಡಿಕೆ, ಹೊಗೆಸೊಪ್ಪಿನ ಚೀಲ ಮನೇಲಿಟ್ಟು ಬಾ. ಡಾಕ್ಟರು ನೋಡುವಾಗ ನನ್ನ ಕೈ ಬಿಡಬೇಡ.

ಇನ್ನೂ ಡಾಕ್ಟ್ರಾಗದ, ನಿನ್ನ
ಕವನ