ಅವಳನ್ನೇ ಕೇಳೋ ಬಟನ್

ಜೀವನ್ ಬಿಮಾ ನಗರ,
ಭಾನುವಾರ

ಮೇಲಿನ ಮಂಚದ ಸುಕನ್ಯಳಿಗೆ,

ಹಾಸ್ಟೆಲಿನ ಕೆಳಗಿನ ಮಂಚದ ಪ್ರಿಯಂವದಾ ಬರೀತಿದ್ದೀನಿ. ನಿನ್ನ ಹಳೇ ನಂಬರ್ ಈಗ ಬೇರೆ ಯಾರದ್ದೋ ಆಗಿದೆ. ಕೆ.ಆರ್. ಪುರದ ನಿಮ್ಮನೆ ಅಡ್ರೆಸ್ ಮಾತ್ರ ನೆನಪಿದೆ, ಹತ್ತನೇ ಕ್ಲಾಸಿನ ದಸರಾ ರಜೆಗೆ ಬಂದಿದ್ದೆನಲ್ಲ. ಹೊಸ ನಂಬರ್ ಸಿಕ್ಕಿದ್ರೂ ಪತ್ರಾನೇ ಬರೀತಿದ್ದೆನೋ ಏನೋ. ಮೆಸೇಜ್ ಹಾಕಿದ್ರೆ ನೀಲಿ ಟಿಕ್ ಬಂತಾ ಅಂತ ನೋಡ್ತಾ ಕೂತ್ಬಿಡ್ತೀನಿ, ನನ್ನ ಪುಕ್ಕಲು ಬುದ್ಧಿ ನಿಂಗೆ ಗೊತ್ತು. ಕನ್ನಡ ತಪ್ಪಾದ್ರೆ ತಿದ್ದಿಕೊಂಡು ಓದು. ಇಂಗ್ಲಿಷಲ್ಲಿ ಸಾರಿ ಅನ್ನೋದು ನಂಗೆ ತೀರಾ ಸುಲಭ, ಬಸ್ಸಲ್ಲಿ ಕಾಲು ತುಳಿದಾಗ್ಲೂ ಅಂತೀನಿ.

ನಾನೀಗ ಎಂಜಿನಿಯರಿಂಗ್ ಫಸ್ಟ್ ಇಯರ್. ಪ್ರಾಜೆಕ್ಟಿಗೆ ನಾನೂ ನಮ್ಮ ಕ್ಲಾಸಿನ ಗಯಾಜೂ ಸೇರಿ ಹೈಸ್ಕೂಲ್ ಮಕ್ಕಳಿಗೆ ಒಂದು ಗೇಮ್ ಮಾಡ್ತಿದ್ದೀವಿ. ಇಂಟರ್ನೆಟ್ಟಲ್ಲಿ ಬಂದದ್ದರಲ್ಲಿ ಯಾವುದನ್ನ ನಂಬಬೇಕು, ಯಾವುದನ್ನ ಬಿಡಬೇಕು ಅಂತ ಕಲಿಸೋ ಆಟ. ಫೋನಿನಂಥ ಪರದೆ, ಅದರಲ್ಲಿ ಒಂದೊಂದೇ ಮೆಸೇಜ್ ಬರುತ್ತೆ. ಕೆಳಗೆ ಮೂರು ಬಟನ್: ಫಾರ್ವರ್ಡ್ ಮಾಡು, ಡಿಲೀಟ್ ಮಾಡು, ಸುಳಿವು ಹುಡುಕು. ಕೋಡ್ ಗಯಾಜಿಂದು, ಕಥೆ ನಂದು. ಮೂರನೇ ಲೆವೆಲ್ಲಿಗೆ ಕಥೆ ಹೊಳೀಲಿಲ್ಲ. ನಿನ್ನದನ್ನ ಹಾಕಿದೆ. ನಿನ್ನ ಹೆಸರಿಲ್ಲ, ಊರಿಲ್ಲ, ಫೋಟೋ ಜಾಗದಲ್ಲಿ ಬರೀ ಗೊಂಬೆ ಚಿತ್ರ. ಆದ್ರೂ ಅದು ನಿಂದೇ.

ಭಾನುವಾರ ನಾಲ್ಕರಿಂದ ಐದು. ವಾರ್ಡನ್ ಅಮೃತಮ್ಮ ಸ್ಟೀಲ್ ಬೀರು ತೆಗೆದು ವಾರದಲ್ಲಿ ನಮ್ಮ ಫೋನ್ ನಮಗೆ ಕೊಡ್ತಿದ್ದ ಒಂದೇ ಗಂಟೆ. "ಉಸಿರಾಡ್ರೇ, ಫೋನೇನು ಓಡಿಹೋಗಲ್ಲ" ಅಂತ ರೇಗಿಸ್ತಿದ್ರು. ಆವತ್ತು ಗೊತ್ತಿಲ್ಲದ ನಂಬರಿಂದ ನಂಗೊಂದು ಸ್ಕ್ರೀನ್‌ಶಾಟ್ ಬಂತು. ನಿನ್ನ ಫೋಟೋ, ನಿನ್ನ ಹೆಸರು, 'ಮ್ಯಾತ್ಸ್ ಪೇಪರ್ ನನ್ನ ಹತ್ರ ಇದೆ, ಯಾರಿಗೆ ಬೇಕು?' ನಾನದನ್ನ ಧನಲಕ್ಷ್ಮಿಗೆ ಕಳಿಸಿದೆ. ಕೆಳಗೆ 'ನಿಜಾನಾ?' ಅಂತ ಸೇರಿಸಿದೆ. ಪ್ರಶ್ನೆ ತಾನೆ, ಆರೋಪ ಅಲ್ವಲ್ಲ ಅಂದ್ಕೊಂಡೆ. ಅವಳು ಕ್ಲಾಸ್ ಗ್ರೂಪಿಗೆ ಹಾಕಿದಳು, ಅಲ್ಲಿಂದ ಹೆಡ್‌ಮಾಸ್ಟರ್‌ವರೆಗೂ ಹೋಯ್ತು. ಎರಡೇ ದಿನಕ್ಕೆ ನಿಮ್ಮಪ್ಪ ಮುನಿಆಂಜನಪ್ಪನವರು ಬಂದು, ಹೆಡ್‌ಮಾಸ್ಟರ್ ರೂಮಿನಲ್ಲಿ ತಲೆ ತಗ್ಗಿಸಿ ನಿಂತು, ನಿನ್ನ ಟ್ರಂಕ್ ಎತ್ಕೊಂಡು, ನಿನ್ನನ್ನ ಕರ್ಕೊಂಡು ಹೋದ್ರು. ಹೋಗೋ ಮುಂಚೆ ನೀನು ಧನಲಕ್ಷ್ಮಿಗೆ "ಇನ್ನು ನಿನ್ನ ಮುಖ ನೋಡಲ್ಲ" ಅಂದೆ. ಅವಳು ನನ್ನ ಕಡೆ ಒಂದ್ಸಲ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ವರ್ಷ ಆಯ್ತು.

ಲೆವೆಲ್ ಮಾಡೋಕೆ ಆ ಸ್ಕ್ರೀನ್‌ಶಾಟ್ ಹುಡುಕಿ ತೆಗೆದೆ. ಪೂರ್ತಿ ಓದಿದ್ದು ಅದೇ ಮೊದಲು ಕಣೇ. ಮೆಸೇಜಿನ ಮೇಲೆ ಬುಧವಾರ ಅಂತಿದೆ, ಪಕ್ಕದಲ್ಲಿ ಮಧ್ಯಾಹ್ನ ಮೂರು ಹತ್ತು. ಬುಧವಾರ ಮಧ್ಯಾಹ್ನ ನಮ್ಮೆಲ್ಲರ ಫೋನೂ ಬೀರುವಿನಲ್ಲಿ, ಬೀಗದ ಕೈ ಅಮೃತಮ್ಮನ ಸೊಂಟದಲ್ಲಿ. ಹಾಸ್ಟೆಲಿನ ಯಾವ ಹುಡುಗಿಗಾದ್ರೂ ಹೊಳೀಬೇಕಿತ್ತು. ಗಯಾಜಿಗೆ ತೋರಿಸಿದ್ರೆ, "ಸೂಪರ್ ಸುಳಿವು ಮಗಾ, ಐವತ್ತು ಪಾಯಿಂಟ್ ಇಡೋಣ" ಅಂದ. ನಾನೂ ತಲೆಯಾಡಿಸಿದೆ.

ಮೊನ್ನೆ ಶಿವಾಜಿನಗರದ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಕೈಲಿ ಆಡಿಸಿದ್ವಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸುಳಿವು ಹಿಡಿದಳು, ಐವತ್ತು ಪಾಯಿಂಟ್ ಬಂತು, ಪಟಾಕಿ ಸದ್ದೂ ಬಂತು. ಅವಳು ಮುಂದಕ್ಕೆ ಹೋಗಲಿಲ್ಲ. "ಅಕ್ಕಾ, ಫೋಟೋದಲ್ಲಿರೋ ಹುಡುಗಿ ಅದೇ ಹಾಸ್ಟೆಲಲ್ಲೇ ಇದಾಳಲ್ವಾ? ಅವಳನ್ನೇ ಕೇಳೋ ಬಟನ್ ಎಲ್ಲಿ?" ಅಂದಳು. ಗಯಾಜ್, "ಅದು ಗೇಮಲ್ಲಿಲ್ಲಮ್ಮ" ಅಂದ. "ಏನ್ ಭಯ್ಯಾ, ಇಷ್ಟೆಲ್ಲ ಮಾಡಿದೀರ, ಅದೊಂದು ಮರೆತ್ರಾ" ಅಂತ ಪಕ್ಕದವಳ ಜೊತೆ ನಕ್ಕಳು.

ನೀರು ಕುಡಿಯೋ ನೆಪದಲ್ಲಿ ಆಚೆ ಬಂದೆ. ನೀನು ನನ್ನ ತಲೆಯಿಂದ ಮೂರಡಿ ಮೇಲಿದ್ದೆ. ಆ ಭಾನುವಾರ ನಿನ್ನ ಕಾಲು ಮಂಚದಿಂದ ಇಳಿಬಿದ್ದಿತ್ತು, ಒಂದು ಕಾಲಿಗೆ ಮಾತ್ರ ಸಾಕ್ಸ್. ನಾನು ಎದ್ದು ನಿಂತಿದ್ರೆ ಸಾಕಿತ್ತು.

ನಾಲ್ಕನೇ ಬಟನ್ ಹಾಕಿದ್ದೀವಿ. ಒತ್ತಿದ್ರೆ ಆ ಹುಡುಗಿ ಏನು ಹೇಳ್ಬೇಕು ಅಂತ ಬರೆಯೋಕೆ ಮಾತ್ರ ನಂಗೆ ಆಗ್ತಿಲ್ಲ. ನಂಗೆ ಗೊತ್ತೇ ಇಲ್ವಲ್ಲ. ಇನ್ನು ಹನ್ನೆರಡು ದಿನಕ್ಕೆ ಡೆಮೋ. ನೀನು ಬೇಡ ಅಂದ್ರೆ ಲೆವೆಲ್ ತೆಗೀತೀನಿ, ಏನೂ ಅನ್ನದಿದ್ರೂ ತೆಗೀತೀನಿ. ಮಾರ್ಕ್ಸ್ ಹೋಗುತ್ತೆ, ಗಯಾಜ್ ಬೈತಾನೆ, ಬೈಯ್ಲಿ.

ಇನ್ನೊಂದು ವಿಷಯ. ಹಳೇ ಕ್ಲಾಸ್ ಗ್ರೂಪ್ ಇನ್ನೂ ಇದೆ. 'ಆ ಸ್ಕ್ರೀನ್‌ಶಾಟ್ ಧನಲಕ್ಷ್ಮಿಗೆ ಕಳಿಸಿದ್ದು ನಾನು, ಪೇಪರ್ ವಿಷಯ ಸುಳ್ಳು, ಬೇಕಾದ್ರೆ ಅದರ ಮೇಲಿನ ವಾರ, ಗಂಟೆ ನೋಡಿ' ಅಂತ ಗ್ರೂಪಿಗೆ ಹಾಕೋಕೆ ಟೈಪ್ ಮಾಡಿಟ್ಟಿದ್ದೀನಿ. ಧನಲಕ್ಷ್ಮಿಗೆ ಫೋನ್ ಮಾಡಿ ಓದಿ ಹೇಳಿದೆ. "ಮೊದ್ಲು ಅವಳಿಗೆ ಹೇಳೇ ಗೂಬೆ" ಅಂದಳು. ಕಳಿಸಿಬಿಟ್ರೆ ನಂಗೆ ಹಗುರಾಗತ್ತೆ, ನಿಜ. ಆದ್ರೆ ನಲವತ್ತು ಫೋನಿನಲ್ಲಿ ಮತ್ತೆ ಬರೋದು ನಿನ್ನ ಹೆಸರು. ಅದಕ್ಕೇ ಈ ಸಲ ಎದ್ದು ನಿಂತು ನಿನ್ನನ್ನೇ ಕೇಳ್ತಿದ್ದೀನಿ: ಕಳಿಸ್ಲಾ, ಬೇಡ್ವಾ?

ನಿಧಾನಕ್ಕೆ ಹೇಳು. ಬೈಯ್ಯೋದಿದ್ರೆ ಅದನ್ನೂ ಬರಿ. ಎಲ್ಲಿ ಓದ್ತಿದ್ದೀಯೋ ಅಲ್ಲಿ ನಿನ್ನನ್ನ ಕೇಳಿಯೇ ನಿನ್ನ ಬಗ್ಗೆ ಮಾತಾಡೋರು ಸಿಗಲಿ, ಎರಡೂ ಕಾಲಿಗೆ ಸಾಕ್ಸ್ ಹಾಕ್ಕೊಂಡು ಬೆಚ್ಚಗಿರು.

ಕಳಿಸದೆ ಕಾದು ಕೂತಿರುವ,
ಪ್ರಿಯಂವದಾ