ಐವತ್ನಾಲ್ಕಕ್ಕೆ ಕರಗಬೇಕು

ಖಾನಾಪುರ
೧೬ ನವೆಂಬರ್ ೧೯೮೩, ಬುಧವಾರ

ನನ್ನ ಮುದ್ದಿನ ಮೊಮ್ಮಗಳು ಕಾಂತಾಳಿಗೆ ಅಜ್ಜ ಬಸಲಿಂಗಪ್ಪನ ಆಶೀರ್ವಾದಗಳು.

ಧಾರವಾಡದ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹಾಸ್ಟೆಲಿನ ರೊಟ್ಟಿ ದಪ್ಪವೆಂದು ಉಣ್ಣದೆ ಮಲಗಬೇಡ. ನಿನ್ನ ಅಜ್ಜಿ ಕಾಶವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ. ನನ್ನ ಮೊಣಕಾಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ.

ಇನ್ನು ನನ್ನ ಸಿಟ್ಟಿನ ವಿಷಯ. ನಿನ್ನ ಎಂ.ಎಸ್ಸಿ. ಪ್ರಯೋಗಕ್ಕೆ ಬೇಕೆಂದು ದೀಪಾವಳಿಗೆ ಬಂದಾಗ ಮೇಣದಂಥ ಬಿಳಿ ಹರಳಿನ ಆ ಮಿರಿಸ್ಟಿಕ್ ಆಸಿಡ್ ಒಂದು ಸೀಸೆ ಮಾಡಿಕೊಟ್ಟೆ. ನಿನ್ನೆ ಬಂದ ಕಾಗದದಲ್ಲಿ ಏನು ಬರೆದಿದ್ದೀ? 'ಅಜ್ಜಾ, ನಮ್ಮ ಸರ್ ಭಾಳ ಖುಷಿ ಆದ್ರು. ಮುಂಬಯಿ ಮಾಲ್ ಅಂತ ಹೇಳೀನಿ, ಸಿಟ್ಟ ಮಾಡಬ್ಯಾಡ.' ಯಾಕೆ ಮಾಡಬಾರದು? ಯಾವುದೋ ಕಂಪನಿಯ ಹಳೆಯ ಚೀಟಿ ಕಿತ್ತು ನನ್ನ ಸೀಸೆಗೆ ಅಂಟಿಸುವಾಗ ನಿನಗೆ ಏನೂ ಅನಿಸಲಿಲ್ಲವೇ? ನಾಲ್ಕನೇ ಇಯತ್ತೆ ಕಲಿತ ಮುದುಕ ಹಿತ್ತಲಲ್ಲಿ ಮಾಡಿದ್ದು ಎನ್ನಲು ನಾಚಿಕೆಯೇ? ಅದಕ್ಕಿಂತ ಹೊಟ್ಟೆ ಉರಿದದ್ದು ನಿಮ್ಮ ಸರ್ ಮೇಲೆ. ಚೀಟಿ ಓದಿ, ಬಿಳುಪು ನೋಡಿ, ಪರೀಕ್ಷೆಯನ್ನೇ ಮಾಡದೆ ಕಪಾಟಿನಲ್ಲಿಟ್ಟರಂತೆ! ಖಾನಾಪುರದ್ದು ಎಂದಿದ್ದರೆ ಮೂರು ಸಲ ಕರಗಿಸಿ ನೋಡುತ್ತಿದ್ದರು.

ಉದ್ಯಮಬಾಗದ ಕ್ರೀಮ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಡಾಯಿ ಕಾಯ್ದವನು ನಾನು. ಮುಖದ ಕ್ರೀಮಿಗೆ ಸೇರಿಸುವ ಆ ತೆಳ್ಳನೆಯ ಎಣ್ಣೆಯ ಹೆಸರು, ಐಸೊಪ್ರೊಪೈಲ್ ಮಿರಿಸ್ಟೇಟ್, ನನ್ನ ಬಾಯಿಗೆ ಹತ್ತಲು ಒಂದು ತಿಂಗಳು ಹಿಡಿಯಿತು. ಕೆಮಿಸ್ಟ್ ಸಾಹೇಬರು ಬಿಸಾಕಿದ ಪುಸ್ತಕ ಹಿಡಿದು, ತಿಳಿಯದ ಇಂಗ್ಲಿಷ್ ಶಬ್ದಗಳನ್ನು ಸ್ಟೇಷನ್ ಮಾಸ್ತರರಿಗೆ ದಿನಕ್ಕೆರಡರಂತೆ ಕೇಳಿ ಕಲಿತೆ. ಆ ಎಣ್ಣೆಯಲ್ಲಿ ನಿನಗೆ ಬೇಕಾದ ಮಿರಿಸ್ಟಿಕ್ ಆಸಿಡ್ಡೂ ಒಂದು ಜಾತಿಯ ಸ್ಪಿರಿಟ್ಟೂ ಗಂಟು ಬಿದ್ದಿರುತ್ತವೆ. ಕಾಸ್ಟಿಕ್ ಸೋಡಾ ಹಾಕಿ ಕುದಿನೀರಿನ ಪಾತ್ರೆಯಲ್ಲಿ ಮೂರು ತಾಸು ಇಟ್ಟರೆ ಗಂಟು ಬಿಚ್ಚಿ ಸಾಬೂನಾಗುತ್ತದೆ. ಆ ಸಾಬೂನಿನ ನೀರಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟರೆ ನಮಗೆ ಬೇಕಾದದ್ದು ಮೇಲೆ ತೇಲಿ, ತಣ್ಣಗಾದಂತೆ ಬೆಳ್ಳಗೆ ಗಟ್ಟಿಯಾಗುತ್ತದೆ. ತೊಳೆದು, ಸ್ಪಿರಿಟ್ಟಿನಲ್ಲಿ ಎರಡು ಸಲ ಕರಗಿಸಿ ಹರಳು ಕಟ್ಟಿಸಬೇಕು. ನಿನ್ನ ಅಜ್ಜಿಯ ಬಾಯಿ ಬೇರೆ: 'ನನ್ನ ಬೋಗಾಣ್ಯಾಗ ಸಬಕಾರ ಕುದಸ್ತೀರಿ, ನಾಳೆ ಸಾರಿಗೆ ನೊರಿ ಬಂದ್ರ ನೀವ ಉಣ್ರಿ!'

ಶುದ್ಧವಾದದ್ದು ಐವತ್ನಾಲ್ಕು ಡಿಗ್ರಿಗೆ ಥಟ್ಟನೆ ಕರಗಿ ನೀರಾಗುತ್ತದೆ. ಮುಂಬಯಿಯದ್ದಾದರೂ ಅಷ್ಟೇ, ನಮ್ಮ ಹಿತ್ತಲಿನದ್ದಾದರೂ ಅಷ್ಟೇ. ಕಲಬೆರಕೆ ಉಳಿದದ್ದು ಮಾತ್ರ ಮೊದಲೇ ಬೆವರುತ್ತ ಎಳೆದಾಡುತ್ತದೆ. ಬರೀ ಬಾಯಿಮಾತು ಬೇಡ. ನಿನಗೆ ಕೊಟ್ಟು ಉಳಿದ ಚೂರು ಇಲ್ಲಿದೆ. ಕಾಗದ ಅಂಚೆಗೆ ಹಾಕುವ ಮೊದಲು ಅದನ್ನೇ ಕರಗಿಸಿ ನೋಡಿ, ಅಂಕಿ ಬರೆದು ಕಳಿಸುತ್ತೇನೆ. ನಿಮ್ಮ ಸರ್ ಮುಂದೆ ಹಿಡಿ.

ಸಿಟ್ಟು ಬೇರೆ, ಪ್ರೀತಿ ಬೇರೆ. ಬಿಸಿನೀರು ಕುಡಿ, ಕಿವಿಗೆ ಬಟ್ಟೆ ಕಟ್ಟಿಕೊ. ಬಸವಣ್ಣ ನಿನಗೆ ಬುದ್ಧಿ ಕೊಟ್ಟಿದ್ದಾನೆ, ಧೈರ್ಯವನ್ನೂ ಕೊಡಲಿ.

ನಿನ್ನ ಅಜ್ಜ,
ಬಸಲಿಂಗಪ್ಪ

ತಾ.ಕ.: ಕಾಂತಾ, ಆ ಸೀಸೆ ಮುಟ್ಟಬೇಡ. ಚೂರನ್ನು ಈಗಷ್ಟೇ ನೋಡಿದೆ. ನಲವತ್ತೊಂಬತ್ತಕ್ಕೇ ಬೆವರತೊಡಗಿತು, ಐವತ್ತೆರಡರವರೆಗೂ ಎಳೆಯಿತು. ಎರಡು ಸಲ ನೋಡಿದೆ, ಥರ್ಮಾಮೀಟರಿನ ತಪ್ಪಲ್ಲ. ನಿನಗೆ ಬೆಳಗಿನ ಗಾಡಿ ತಪ್ಪೀತೆಂದು ಪಾತ್ರೆಯನ್ನು ಒಂದು ತಾಸು ಮೊದಲೇ ಒಲೆಯಿಂದ ಇಳಿಸಿದ್ದೆ; ಎರಡನೇ ಸಲ ಹರಳು ಕಟ್ಟಿಸಲೂ ಇಲ್ಲ. ಎಣ್ಣೆ ಒಳಗೇ ಉಳಿದಿದೆ. ನಾನೂ ನಿಮ್ಮ ಸರ್ ಹಾಗೆಯೇ ಬಿಳುಪು ನೋಡಿ ನಂಬಿಬಿಟ್ಟೆ. ನೀನು ಬರೆದಂತೆ ಸೋಮವಾರ ಇದರಿಂದಲೇ ಪ್ರಯೋಗ ಶುರುಮಾಡಿದರೆ ನಿನ್ನ ವರ್ಷದ ಕೆಲಸ ಹಾಳಾಗುತ್ತದೆ. ಮುಂಬಯಿ ಚೀಟಿ ಇದ್ದರೆ ತಪ್ಪು ಹುಡುಕಿಕೊಂಡು ಯಾರೂ ನನ್ನ ಬಾಗಿಲಿಗೆ ಬರಲಾರರು. ಆದರೂ ಆ ಚೀಟಿ ಕಿತ್ತುಹಾಕಿ ಸರ್‌ಗೆ ಖರೇ ಹೇಳು. ನಾಳೆ ಹೊಸದು ಮಾಡುತ್ತೇನೆ, ಪೂರ್ತಿ ಮೂರು ತಾಸು. ಶನಿವಾರ ನಾನೇ ತರುತ್ತೇನೆ, ಮೇಲೆ ನನ್ನ ಹೆಸರು ಬರೆದು. ಬೈಯುವುದಿದ್ದರೆ ಅವರು ನನಗೇ ಬೈಯಲಿ. ಬೈದಾದ ಮೇಲೆ ನನ್ನ ಕಣ್ಣೆದುರಿಗೇ ಕರಗಿಸಿ ನೋಡಲಿ.